ಕಣ್ಣು ಕಂಡದ್ದು, ಪುಸ್ತಕ ಹೇಳಿದ್ದು

ವಿಜ್ಞಾನವನ್ನು ಪ್ರಯೋಗದಿಂದಲೂ ಸ್ಥಳದರ್ಶನದಿಂದಲೂ ಕಲಿಸಬೇಕೆಂಬ ಮಾತನ್ನು ಒಪ್ಪದ ಉಪಾಧ್ಯಾಯರು ಇಂದು ವಿರಳ. ಆದರೆ ಆ ಮಾತಿನೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ‘ನೀನೇ ನೋಡು’ ಎಂದು ಮಗುವಿಗೆ ಹೇಳಿದ ಮೇಲೆ, ಅದು ಕಂಡದ್ದು ಪುಸ್ತಕಕ್ಕೆ ವಿರುದ್ಧವಾಗಿದ್ದರೆ ಉಪಾಧ್ಯಾಯರು ಯಾರ ಪಕ್ಷದಲ್ಲಿ ನಿಲ್ಲಬೇಕು?

ನೀಲಗಿರಿಯಲ್ಲಿ ಇದು ಬರಿಯ ತರ್ಕದ ಮಾತಲ್ಲ. ನೀರು ನೂರು ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿರುವ ಉದಕಮಂಡಲದಲ್ಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಉಷ್ಣಮಾಪಕವನ್ನು ಇಳಿಬಿಟ್ಟರೆ, ನೀರು ಕೊತಕೊತನೆ ಕುದಿಯುವಾಗಲೂ ಅದು 92, 93ರ ನಡುವೆ ನಿಂತುಬಿಡುತ್ತದೆ. ಎಷ್ಟು ಸೌದೆ ಒಟ್ಟಿದರೂ ಮೇಲೇರದು. ಅಷ್ಟು ಎತ್ತರದಲ್ಲಿ ವಾಯುಭಾರ ಕಡಮೆ. ಕಡಮೆ ಉಷ್ಣತೆಯಲ್ಲಿಯೇ ನೀರು ಅದನ್ನೆದುರಿಸಿ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯದೆ ಸತಾಯಿಸುವುದನ್ನು ಕಂಡ ಊಟಿಯ ಗೃಹಿಣಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅರಿಯದಿರುವುದು ಉತ್ತರಪತ್ರಿಕೆ ಮಾತ್ರ!

ಅದೇ ಪಾತ್ರೆಯನ್ನು ನೋಡಿದ ಇಬ್ಬರು ಮಕ್ಕಳನ್ನು ಊಹಿಸೋಣ. ಹುಡುಗಿ 93 ಎಂದು ಬರೆದಳು. ಹುಡುಗ ಪುಸ್ತಕವನ್ನು ನೆನೆದು 100 ಎಂದು ಬರೆದನು. ಅಂಕ ಹುಡುಗನಿಗೆ ದೊರೆತರೆ, ಕಂಡದ್ದನ್ನು ನುಂಗಿಕೊಂಡು ದೊಡ್ಡವರು ಬಯಸಿದ್ದನ್ನು ಹೇಳುವ ವಿದ್ಯೆಯನ್ನು ಇಬ್ಬರೂ ಆ ದಿನ ಕಲಿತಂತಾಯಿತು. ಶಾಖದ ಪಾಠ ಯಾರಿಗೂ ಆಗಲಿಲ್ಲ.

ಹಾಗೆಂದು ಕಂಡದ್ದೆಲ್ಲ ನಿಜವೆನ್ನುವಂತೆಯೂ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆ ನಮ್ಮಲ್ಲಿಯೇ ಉಂಟಷ್ಟೆ. ಉಷ್ಣಮಾಪಕವೇ ಏಕೆ ಕೆಟ್ಟಿರಬಾರದು? ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟು ಅದು ಸೊನ್ನೆಯನ್ನು ತೋರಿಸುವುದೇ ಎಂದು ಪರೀಕ್ಷಿಸಬೇಕು. ಬಳಿಕ ಅದನ್ನೇ ಗೂಡಲೂರಿಗೋ, ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನಿಳಿದು ಮಸಿನಗುಡಿಗೋ ಒಯ್ಯಬೇಕು. ಸುಮಾರು ಸಾವಿರ ಮೀಟರು ಎತ್ತರದ ಆ ಊರುಗಳಲ್ಲಿ ಕುದಿಯುವ ನೀರು 96, 97ರ ಬಳಿ ನಿಲ್ಲುತ್ತದೆ. ದೊಡ್ಡಬೆಟ್ಟದ 2,637 ಮೀಟರಿನ ನೆತ್ತಿಯಲ್ಲಿ 91ರ ಸಮೀಪಕ್ಕಿಳಿಯುತ್ತದೆ. ಮುನ್ನೂರು ಮೀಟರಿಗೆ ಹೆಚ್ಚುಕಡಮೆ ಒಂದು ಡಿಗ್ರಿಯೆಂಬ ಲೆಕ್ಕವನ್ನು ಮಕ್ಕಳೇ ಹಾಕಬಲ್ಲರು. ಹತ್ತೊಂಬತ್ತನೆಯ ಶತಮಾನದ ಭೂಮಾಪಕರು ನೀರು ಕಾಯಿಸಿ ಬೆಟ್ಟಗಳ ಎತ್ತರವನ್ನು ನಿರ್ಣಯಿಸುತ್ತಿದ್ದುದು ಈ ಬಲದಿಂದಲೇ. ಪುಸ್ತಕವೂ ಸುಳ್ಳಾಡಿದ್ದಲ್ಲ, ‘ಸಮುದ್ರಮಟ್ಟದ ವಾಯುಭಾರದಲ್ಲಿ’ ಎಂಬ ನಿಬಂಧನೆ ಬಾಯಿಪಾಠದ ಅವಸರದಲ್ಲಿ ಉದುರಿಹೋಯಿತು, ಅಷ್ಟೆ.

ಪ್ರಯೋಗವೇ ವಂಚಿಸುವುದೂ ಉಂಟು. ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿಯನ್ನಿಟ್ಟು ಗಾಜಿನ ಲೋಟವನ್ನು ಕವುಚಿದರೆ, ದೀಪ ಆರಿ ನೀರು ಒಳಗೇರುತ್ತದೆ. ಏರಿದಷ್ಟು ಭಾಗ ಆಮ್ಲಜನಕವಿತ್ತೆಂದು ಎಷ್ಟೋ ತರಗತಿಗಳಲ್ಲಿ ವಿವರಿಸುತ್ತಾರೆ. ಒಂದರ ಬದಲು ಮೂರು ಬತ್ತಿಗಳನ್ನಿಟ್ಟರೆ ನೀರು ಇನ್ನೂ ಮೇಲೇರುತ್ತದೆ! ಗಾಳಿಯಲ್ಲಿ ಆಮ್ಲಜನಕ ಹೆಚ್ಚಾಯಿತೇ? ಕಾದು ಹಿಗ್ಗಿದ ಗಾಳಿ ದೀಪ ಆರಿದೊಡನೆ ತಣಿದು ಕುಗ್ಗುವುದೇ ಮುಖ್ಯ ಕಾರಣ. ದೀಪ ಆರುವಾಗಲೂ ಆಮ್ಲಜನಕ ಬಹುಪಾಲು ಉಳಿದೇ ಇರುತ್ತದೆ. ಎರಡನೆಯ ಬತ್ತಿಯನ್ನು ಕೇಳುವ ಹುಡುಗನನ್ನು ಗದರಿಸಿ ಕೂರಿಸುವವರು ಪ್ರಯೋಗ ಮಾಡಿಸದಿದ್ದರೇ ಲೇಸು.

ಸ್ಥಳದರ್ಶನದ ಮಾತೂ ಇಂಥದೇ. ಮಸಿನಗುಡಿಯ ಸಮೀಪದ ಸಿಂಗಾರದಲ್ಲಿ 1932ರಲ್ಲಿ ಪೈಕಾರ ಯೋಜನೆಯ ವಿದ್ಯುದಾಗಾರ ಕೆಲಸ ಆರಂಭಿಸಿತು. ಒಂಬೈನೂರು ಮೀಟರಿಗೂ ಮಿಕ್ಕ ಎತ್ತರದಿಂದ ಕೊಳವೆಗಳಲ್ಲಿ ಇಳಿಯುವ ನೀರು ಅಲ್ಲಿ ಪೆಲ್ಟನ್ ಚಕ್ರಗಳನ್ನು ತಿರುಗಿಸುತ್ತದೆ. ಅನುಮತಿ ಪಡೆದು ಅಂಥ ಸ್ಥಳಕ್ಕೆ ಹೋದ ಮಕ್ಕಳು ಭೋರ್ಗರೆತ ಕೇಳಿ, ಬೆರಗಾಗಿ, ಬುತ್ತಿ ಉಂಡು ಬಂದರೆ ಅದು ದೇವಸ್ಥಾನದ ದರ್ಶನಕ್ಕೆ ಸಮಾನ. ಮೂತಿಯಿಂದ ಬಾಣದಂತೆ ಚಿಮ್ಮಿದ ನೀರು ಚಕ್ರವನ್ನು ಬಿಟ್ಟು ಬೀಳುವಾಗ ಏಕೆ ಸೋತಂತಿರುತ್ತದೆ, ಅದರ ವೇಗ ಎಲ್ಲಿ ಹೋಯಿತು ಎಂಬ ಒಂದೇ ಪ್ರಶ್ನೆಯನ್ನು ಹೊತ್ತು ಹೋಗಲಿ. ನೋಟದ ಬಗೆಯೇ ಬೇರೆಯಾಗುತ್ತದೆ. ಉತ್ತರ ಉಪಾಧ್ಯಾಯರಿಗೇ ತಿಳಿಯದಿದ್ದರೆ ‘ನನಗೂ ತಿಳಿಯದು, ನೋಡೋಣ’ ಎನ್ನುವುದರಿಂದ ಗೌರವಕ್ಕೆ ಕುಂದಿಲ್ಲ.

ಉಳಿದದ್ದು ಪರೀಕ್ಷೆ. ಎಲ್ಲಿಯೋ ಬಯಲುಸೀಮೆಯಲ್ಲಿ ಕುಳಿತ ಪರೀಕ್ಷಕರು 93ನ್ನು ಕಂಡು ಕೆಂಪು ಗೀಟು ಎಳೆದಾರು. ಅದಕ್ಕಾಗಿ ಹುಡುಗಿಗೆ ‘100 ಎಂದೇ ಬರೆ’ ಎಂದು ಗುಟ್ಟಾಗಿ ಹೇಳಿಕೊಡಬಹುದೇ? ಕೂಡದೆಂದು ನನ್ನ ಮತ. ಅವಳು ಒಂದು ಸಾಲು ಹೆಚ್ಚು ಬರೆಯಲಿ: ಸಮುದ್ರಮಟ್ಟದಲ್ಲಿ 100, ನಮ್ಮ ಊಟಿಯಲ್ಲಿ, ನಾವು ಅಳೆದಂತೆ, 93.