ರಾಜ್ಯಾಧಿಕಾರದಲ್ಲಿ ಸ್ತ್ರೀಯರು ಕೊಂಚವಾಗಿರುವದು ಪಕ್ಷಪಾತವೋ?



೨೦೨೩ನೇ ಇಸವಿಯಲ್ಲಿ ಕರ್ನಾಟಕದ ವಿಧಾನಸಭೆಗೆ ಆರಿಸಲ್ಪಟ್ಟ ೨೨೪ ಮಂದಿಯಲ್ಲಿ ಸ್ತ್ರೀಯರು ೧೦ ಮಂದಿ ಮಾತ್ರ. ಮರುವರುಷ ಲೋಕಸಭೆಗೆ ಆರಿಸಲ್ಪಟ್ಟ ೫೪೩ ಮಂದಿಯಲ್ಲಿ ಅವರು ೭೪ ಮಂದಿ. ಮತ ಕೊಡುವವರಲ್ಲಾದರೋ ಸ್ತ್ರೀಯರು ಹೆಚ್ಚುಕಡಿಮೆ ಅರ್ಧದಷ್ಟಿದ್ದಾರೆ. ಈ ಅಂತರವು ಪಕ್ಷಪಾತದ ಫಲವೋ, ಇಲ್ಲವೆ ಸ್ತ್ರೀಯರೇ ಇಂಥ ಕೆಲಸವನ್ನು ಬಯಸುವದಿಲ್ಲವೋ ಎಂಬದನ್ನು ಕ್ರೈಸ್ತರಾದ ನಾವು ಆಲೋಚಿಸತಕ್ಕದ್ದು.

ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಯಾರನ್ನೂ ಅಪರಾಧಿಗಳೆಂದು ತೀರ್ಪುಮಾಡಬಾರದೆಂಬದು ನ್ಯಾಯವಾದ ಮಾತು. ನೇಗಿಲು ಹಿಡಿಯುವವರಲ್ಲಿ ಪುರುಷರು ಹೆಚ್ಚು, ಸಸಿ ನೆಡುವವರಲ್ಲಿ ಸ್ತ್ರೀಯರು ಹೆಚ್ಚು; ಇಷ್ಟರಿಂದಲೇ ಒಬ್ಬರು ಇನ್ನೊಬ್ಬರನ್ನು ಹೊರಗಿಟ್ಟರೆಂದು ಹೇಳಲಾಗದು. ಆದದರಿಂದ ಸಂಖ್ಯೆಯನ್ನು ಒಂದು ದೂರಿನಂತೆ ತೆಗೆದುಕೊಂಡು, ಸಾಕ್ಷಿಯನ್ನು ಬೇರೆ ಕಡೆ ಹುಡುಕಬೇಕು.

ಆ ಸಾಕ್ಷಿಯು ನಮ್ಮ ಹಳ್ಳಿಗಳಲ್ಲಿಯೇ ಉಂಟು. ೧೯೮೩ರ ಕಾನೂನಿನಿಂದ ಕರ್ನಾಟಕದ ಮಂಡಲ ಪಂಚಾಯತಿಗಳಲ್ಲಿ ನೂರಕ್ಕೆ ೨೫ ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ೧೯೮೭ರಲ್ಲಿ ಚುನಾವಣೆ ನಡೆಯಿತು. ೧೯೯೩ರಲ್ಲಿ ರಾಜ್ಯಾಂಗದ ೭೩ನೇ ತಿದ್ದುಪಡಿಯು ದೇಶದ ಪಂಚಾಯತಿಗಳಲ್ಲಿ ಮೂರರಲ್ಲೊಂದು ಪಾಲನ್ನು ಅವರಿಗೆ ಕೊಟ್ಟಿತು. ೨೦೧೦ರಲ್ಲಿ ಕರ್ನಾಟಕವು ಅದನ್ನು ಅರ್ಧಕ್ಕೆ ಏರಿಸಿತು. ಬಾಗಿಲು ತೆರೆದಾಗ ಸ್ತ್ರೀಯರು ಬಂದರು; ಕೂಲಿಮಾಡುವವರೂ ಓದುಬರಹವಿಲ್ಲದವರೂ ಬಂದರು. ಮನಸ್ಸಿಲ್ಲದ್ದೇ ಕಾರಣವಾಗಿದ್ದರೆ ಊರ ಪಂಚಾಯತಿಯಲ್ಲಿ ಹೀಗೆ ಕಾಣುವವರು ವಿಧಾನಸಭೆಯಲ್ಲಿ ಮಾತ್ರ ಕಾಣದೆ ಹೋಗುವದು ಹೇಗೆ? ಅಲ್ಲಿಗೆ ಹೋಗಬೇಕಾದರೆ ರಾಜಕೀಯ ಪಕ್ಷದ ಮುಖಂಡರು ಟಿಕೆಟು ಕೊಡಬೇಕು, ಬಹಳ ಹಣವೂ ಬೇಕು. ಆ ಮುಖಂಡರೂ ಹಣವುಳ್ಳವರೂ ಹೆಚ್ಚಾಗಿ ಪುರುಷರೇ.

ಇದಕ್ಕೆ ಕೆಲವರು, “ಪಂಚಾಯತಿಯಲ್ಲಿ ಹೆಂಡತಿಯದು ರುಜು, ಗಂಡನದು ಅಧಿಕಾರ” ಅನ್ನುತ್ತಾರೆ. ಅನೇಕ ಕಡೆಗಳಲ್ಲಿ ಇದು ನಿಜವೇ. ಆದರೆ ಇದು ಯಾರ ವಿರೋಧವಾದ ಸಾಕ್ಷಿ? ಕುರ್ಚಿ ಸಿಕ್ಕಿದ ಮೇಲೆಯೂ ಅವಳನ್ನು ಕೂತುಕೊಳ್ಳಗೊಡದವನು ಮನೆಯೊಳಗಿದ್ದಾನೆಂಬದನ್ನೇ ಇದು ತೋರಿಸುತ್ತದೆ.

ಪಕ್ಷಪಾತಕ್ಕೆ ಯಾವಾಗಲೂ ದ್ವೇಷವು ಬೇಕಾಗಿಲ್ಲ. ಚಲ್ಪಹಾದನಿಗೆ ಗಂಡುಮಕ್ಕಳಿರಲಿಲ್ಲ. ದೇಶವನ್ನು ಹಂಚುವ ಕ್ರಮದಲ್ಲಿ ಅವನ ಐದು ಮಂದಿ ಹೆಣ್ಣುಮಕ್ಕಳಿಗೆ ಪಾಲು ಇರಲಿಲ್ಲ. ಯಾರೂ ಅವರನ್ನು ಹಗೆಮಾಡಲಿಲ್ಲ. ಯಾರೂ ಅವರನ್ನು ನೆನಸಲಿಲ್ಲ, ಅಷ್ಟೇ. ಅವರು ಮೋಶೆಯ ಮುಂದೆಯೂ ಸರ್ವಸಮೂಹದ ಮುಂದೆಯೂ ನಿಂತು ತಮ್ಮ ಪಾಲನ್ನು ಕೇಳಿದರು. ಮೋಶೆಯು ಅವರನ್ನು ಗದರಿಸದೆ ಆ ವ್ಯಾಜ್ಯವನ್ನು ಕರ್ತನ ಮುಂದಿಟ್ಟನು. ಅವರ ಮಾತು ನ್ಯಾಯವೆಂದು ಕರ್ತನೇ ಹೇಳಿ, ಕ್ರಮವನ್ನು ತಿದ್ದಿದನು. ವಾಡಿಕೆಯು ಹಳೆಯದೆಂಬ ಕಾರಣದಿಂದ ಆತನು ಅದನ್ನು ಉಳಿಸಲಿಲ್ಲ. ಮುಂದೆ ಇಸ್ರಾಯೇಲ್ಯರಿಗೆ ನ್ಯಾಯತೀರಿಸುವದಕ್ಕೆ ದೆಬೋರಳೆಂಬ ಸ್ತ್ರೀಯನ್ನೂ ಎಬ್ಬಿಸಿದನು.

ಈಗ ನಮ್ಮ ಮನೆಯ ಕಡೆಗೆ ನೋಡೋಣ. ದಕ್ಷಿಣ ಭಾರತ ಸಭೆಯು ೧೯೪೭ರಲ್ಲಿ ಕೂಡಿತು. ಅದರ ಮೊದಲನೆಯ ಸ್ತ್ರೀ ಬಿಷಪ್ಪರಾದ ಇ. ಪುಷ್ಪ ಲಲಿತಾ ಅವರು ನಂದ್ಯಾಲದಲ್ಲಿ ಅಭಿಷಿಕ್ತರಾದದ್ದು ೨೦೧೩ರಲ್ಲಿ. ಆ ೬೬ ವರುಷ ಯೋಗ್ಯಳಾದವಳು ಒಬ್ಬಳೂ ಇರಲಿಲ್ಲವೆಂದು ನಾವು ಎದೆಯ ಮೇಲೆ ಕೈಯಿಟ್ಟು ಹೇಳಬಲ್ಲೆವೋ? ನಮ್ಮ ಗ್ರಾಮಸಭೆಗಳಲ್ಲಿ ಆಲಯವನ್ನು ಗುಡಿಸುವವರು, ರೋಗಿಗಳನ್ನು ನೋಡುವವರು, ಪಿಡಿಯಕ್ಕಿಯನ್ನು ಕೂಡಿಸುವವರು ಬಹಳವಾಗಿ ಸ್ತ್ರೀಯರೇ. ಆ ಅಕ್ಕಿಯ ಹಣದ ಲೆಕ್ಕವನ್ನು ತೀರ್ಮಾನಿಸುವ ಸಮಿತಿಯಲ್ಲಿ ಅವರು ಎಷ್ಟು ಮಂದಿ?

ಆದದರಿಂದ ಸಹೋದರರೇ, ರಾಜಧಾನಿಯವರನ್ನು ದೂರುವದಕ್ಕೆ ಮುಂಚೆ ನಮ್ಮ ಸಮಿತಿಯ ಪಟ್ಟಿಯನ್ನು ಓದೋಣ. “ಅವರಿಗೆ ಮನಸ್ಸಿಲ್ಲ” ಎಂದು ಹೇಳುವದಾದರೆ, ಮೊದಲು ಅವರನ್ನೇ ಕೇಳಿ ಆಮೇಲೆ ಹೇಳೋಣ. ಸಹೋದರಿಯರೇ, ಚಲ್ಪಹಾದನ ಹೆಣ್ಣುಮಕ್ಕಳಂತೆ ನೀವೂ ಸಭೆಯ ಮುಂದೆ ನಿಂತು ಕೇಳಿರಿ. ದೇವರಲ್ಲಿ ಪಕ್ಷಪಾತವಿಲ್ಲ, ಆತನ ಮನೆಯಲ್ಲಿಯೂ ಅದು ಇರಬಾರದು.