ಪುಣ್ಯ ನಿಮಗ, ಅಂಜಿಕಿ ನಮಗ

ಅದು ನಮ್ಮ ಕಟ್ಟೆಯ ಕೆಳಗೆ ಬಂದು ಮಲಗಿದ್ದು 2025ರ ಜುಲೈ ತಿಂಗಳ ಒಂದು ಸಂಜೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಇನ್ನೂ ನಿಂತಿರಲಿಲ್ಲ. ಹುನಗುಂದದ ಕಡೆಯ ಶಾಲೆಯಿಂದ ಬಸ್ಸಿಳಿದು, ನೋಟುಬುಕ್ಕಿನ ಚೀಲ ಹೊತ್ತು ಬಂದ ನಾನು ಮೊದಲು ಅದನ್ನು ಹರಿದ ಗೋಣಿಚೀಲವೆಂದೇ ತಿಳಿದೆ. ಹುರುಕು ಹತ್ತಿ ಮೈಮೇಲಿನ ಕೂದಲೆಲ್ಲ ಉದುರಿತ್ತು. ಚರ್ಮ ಒಣಗಿದ ಕೆರೆಯ ತಳದಂತೆ ಬಿರಿದಿತ್ತು. ಒಂದು ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ ಇಟ್ಟೆ. ತಿಂದಿತು. ಅಷ್ಟಕ್ಕೇ ಬಿಟ್ಟಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ.

ಮರುದಿನ ಅದನ್ನು ಹಿತ್ತಿಲಿಗೆ ಕರೆತಂದು ಹಗ್ಗ ಹಾಕಿದೆ. ಯಜಮಾನರು ಪತ್ರಿಕೆಯಿಂದ ತಲೆಯೆತ್ತದೆ, "ಇದನ್ನೂ ಸಾಲೀಗೆ ಹಚ್ಚತೀಯೇನು?" ಎಂದರು. ಅವರ ವಿರೋಧ ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತದೆ. ನಿಜವಾದ ಮಾತು ಬಂದದ್ದು ಗೋಡೆಯಾಚೆಯಿಂದ. ಪಕ್ಕದ ಮನೆಯಾಕೆ ಕೈಯಲ್ಲಿ ರೇಷ್ಮೆ ನೂಲಿನ ಲಡಿ ಹಿಡಿದೇ ನಿಂತಿದ್ದಳು. ಹಿಂದಿನ ವರ್ಷ ಅವಳ ಮೊಮ್ಮಗಳಿಗೆ ನಾಯಿ ಕಚ್ಚಿತ್ತು.

"ಅಕ್ಕಾರ, ನೀವು ಓದಿದವರು. ಪುಣ್ಯ ನಿಮಗ, ಅಂಜಿಕಿ ನಮಗ. ಇದ್ಯಾವ ನ್ಯಾಯರೀ?"

ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ದಯೆಯ ಪಾಠ ಹೇಳಿದವಳು ನಾನು. ಕೂಡಲಸಂಗಮ ನಮಗೆ ದೂರವೇನಲ್ಲ. ಬಸವಣ್ಣನವರ ಹೆಸರೆತ್ತದೆ ನಮ್ಮ ಕಡೆ ಆ ಪಾಠ ಮುಗಿಯುವುದೇ ಇಲ್ಲ. ಜೊತೆಗೆ ಧರ್ಮರಾಯನ ಕತೆ: ಬೆನ್ನುಹತ್ತಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದವನು. ಆದರೆ ಅಂದು ರಾತ್ರಿ ಆ ಕತೆ ನನಗೆ ಬೇರೆಯಾಗಿ ಕಂಡಿತು. ಅವನು ಬಿಡಲು ಸಿದ್ಧನಾದದ್ದು ತನ್ನ ಪಾಲಿನ ಸ್ವರ್ಗವನ್ನು. ದ್ರೌಪದಿಯೂ ತಮ್ಮಂದಿರೂ ಆಗಲೇ ದಾರಿಯಲ್ಲಿ ಬಿದ್ದಿದ್ದರು. ಆ ಹಾದಿಯಲ್ಲಿ ನೆರೆಮನೆ ಇರಲಿಲ್ಲ, ನೆರೆಮನೆಯಲ್ಲಿ ಐದು ವರ್ಷದ ಮೊಮ್ಮಗಳಿರಲಿಲ್ಲ. (ಜೂಜಿನಲ್ಲಿ ಬೇರೆಯವರನ್ನು ಪಣಕ್ಕಿಟ್ಟವನೂ ಅವನೇ, ಅದು ಬೇರೆ ಮಾತು.) ನಾನಾದರೋ ನನ್ನದಲ್ಲದ ನೆಮ್ಮದಿಯನ್ನು ದಾನ ಮಾಡಿ ಕುಳಿತಿದ್ದೆ.

ದನದ ಡಾಕ್ಟರು ಬಂದು ನೋಡಿದರು. ಚರ್ಮದೊಳಗೆ ಕೊರೆಯುವ ಸಣ್ಣ ನುಸಿಗಳಿಂದ ಬರುವ ಹುರುಕು, ಇಂಜೆಕ್ಷನ್ನಿಗೆ ಇಳಿಯುತ್ತದೆ ಎಂದರು. ಹುಚ್ಚುರೋಗದ ಲಸಿಕೆಯನ್ನೂ ಹಾಕಿದರು. "ನೀರು ಕುಡೀತದರೀ, ಹುಚ್ಚು ಇರಲಿಕ್ಕಿಲ್ಲ" ಎಂದು ನಾನು ಜಾಣತನ ತೋರಿಸಿದೆ. ಹಾಗೆ ನಂಬಬೇಡಿ, ಹುಚ್ಚು ಹಿಡಿದ ನಾಯಿಯೂ ನೀರು ಕುಡಿಯಬಹುದು ಎಂದರು. ಆ ರೋಗದ ಲಕ್ಷಣ ಮನುಷ್ಯನಲ್ಲಿ ಒಮ್ಮೆ ಕಾಣಿಸಿತೆಂದರೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಪಕ್ಕದ ಮನೆಯಾಕೆಯ ಅಂಜಿಕೆಯನ್ನು ಅಜ್ಞಾನವೆಂದು ಮನಸ್ಸಿನಲ್ಲೇ ಜರೆದಿದ್ದೆ. ಅಂದು ಅಜ್ಞಾನಿ ಯಾರೆಂಬುದು ತಿಳಿಯಿತು. ವಾರದೊಳಗೆ ನನ್ನ ಮೊಣಕೈಗೂ ತುರಿಕೆ ಬಂತು. ಯಜಮಾನರು ಏನೂ ಅನ್ನಲಿಲ್ಲ, ನಕ್ಕರು ಅಷ್ಟೇ.

ನಮ್ಮ ಜಿಲ್ಲೆಯದೇ ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. ನಮ್ಮ ಹಿತ್ತಿಲಿನದಕ್ಕೆ ಹೆಸರೂ ಇರಲಿಲ್ಲ. ಇಟ್ಟರೆ ನಮ್ಮದಾಗಿಬಿಡುತ್ತದೆಂದು ನಾನೇ ಇಡಲಿಲ್ಲ. ಆಗಸ್ಟ್ 22ರಂದು ಸುಪ್ರೀಂ ಕೋರ್ಟಿನ ಆದೇಶ ಬಂತು. ಸಂತಾನಹರಣ ಮಾಡಿ ಲಸಿಕೆ ಹಾಕಿದ ನಾಯಿಗಳನ್ನು, ಹುಚ್ಚು ಹಿಡಿದವು ಮತ್ತು ಮೈಮೇಲೆ ಬೀಳುವಂಥವುಗಳ ಹೊರತು, ಹಿಡಿದ ಜಾಗಕ್ಕೇ ಮರಳಿ ಬಿಡಬೇಕೆಂದು. ಪತ್ರಿಕೆಯನ್ನು ಆಕೆಗೆ ತೋರಿಸಬೇಕೆಂದುಕೊಂಡು ಗೋಡೆಯವರೆಗೂ ಹೋಗಿ ಹಿಂದಿರುಗಿದೆ. ಕೋರ್ಟು ನಾಯಿಗೆ ಓಣಿಯಲ್ಲಿ ಜಾಗ ಕೊಟ್ಟಿತು. ಮಗುವಿನ ಅಂಜಿಕೆಗೆ ಅದರಲ್ಲೇನು ಸಮಾಧಾನ?

ಮೊದಲೇ ಆಕೆಯನ್ನು ಕೇಳಿದ್ದರೆ? "ಬ್ಯಾಡ್ರೀ" ಎಂದಿದ್ದರೆ ಅದನ್ನು ಸಾಯಲು ಬಿಡುತ್ತಿದ್ದೆನೇ? ಇಲ್ಲ. ಅಂದಮೇಲೆ ಕೇಳುವುದೂ ನಾಟಕವೇ ಆಗುತ್ತಿತ್ತು. ಇದಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ದಸರೆಯ ಹೊತ್ತಿಗೆ ಅದರ ಮೈಮೇಲೆ ಕಂದು ಕೂದಲು ಬಂತು. ಹಗ್ಗ ಬಿಚ್ಚಿದೆ, ಓಣಿಯ ತಿರುವಿನಲ್ಲಿ ಬೇವಿನ ಗಿಡದಡಿ ಹೋಗಿ ಮಲಗಿತು. ಆ ಹುಡುಗಿ ಅಂಗನವಾಡಿಗೆ ಹೋಗುವುದು ಅದೇ ತಿರುವಿನಿಂದ. ಮರುದಿನ ಬೆಳಿಗ್ಗೆ ಬೇಗ ಅಡುಗೆ ಮುಗಿಸಿ ಪಕ್ಕದ ಮನೆಯ ಬಾಗಿಲಲ್ಲಿ ನಿಂತೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ನಗಲಿಲ್ಲ. ಮೊಮ್ಮಗಳ ಕೈಯನ್ನು ನನ್ನ ಕೈಗೆ ಕೊಟ್ಟಳು. ಈಗ ನಾನು ಹತ್ತುವುದು ಮೊದಲಿನದಲ್ಲ, ಅದರ ಮುಂದಿನ ಬಸ್ಸು.