ಹೂಂ ಅಂದವರು ಯಾರು?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕೊಟ್ಟಿಗೆ ಖಾಲಿಯಿತ್ತು. ‘ಕೆಂಪಿ ಎಲ್ಲಮ್ಮ?’ ಎಂದೆ. ಅಮ್ಮ ನನ್ನ ಮುಖವನ್ನೇ ನೋಡಿದಳು. ‘ಮಂಡಿನೋವು, ಹುಲ್ಲು ತರೋಕಾಗ್ತಿಲ್ಲ, ಕೊಟ್ಬಿಡ್ಲಾ ಅಂತ ಕೇಳ್ದಾಗ ನೀನೇ ಹೂಂ ಅಂದ್ಯಲ್ಲ.’

ಕೇಳಿದ್ದು ಫೋನಿನಲ್ಲಿ. ಆ ಸಂಜೆ ನನಗೆ ನೆನಪಿದೆ. ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟು, ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯದ ಅಡಿಟಿಪ್ಪಣಿಗಳನ್ನು ತಿದ್ದುತ್ತಿದ್ದೆ. ನಡುನಡುವೆ ಹೂಂ ಅನ್ನುತ್ತಿದ್ದದ್ದೂ ನೆನಪಿದೆ. ಮಂಡಿನೋವು ಮಾತ್ರ ನೆನಪಿಲ್ಲ, ಕೆಂಪಿಯೂ ಇಲ್ಲ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ವಿವರಣೆಯಿದೆ. ಕಾಲಿನ್ ಚೆರ್ರಿ 1953ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೇಳುಗರ ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದು ಕಿವಿಯದನ್ನು ಮಾತ್ರ ಗಟ್ಟಿಯಾಗಿ ಪುನರುಚ್ಚರಿಸಲು ಹೇಳಿದ. ಇನ್ನೊಂದು ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದರು ಎಂಬುದು ಅವರಿಗೆ ಗೊತ್ತಿತ್ತು. ಗಂಡಿನ ದನಿ ಹೆಣ್ಣಿನದಾದರೆ ಅದೂ ತಿಳಿಯುತ್ತಿತ್ತು. ಆದರೆ ಏನು ಹೇಳಿದರೆಂದು ಕೇಳಿದರೆ ಉತ್ತರವಿಲ್ಲ. ಇಂಗ್ಲಿಷಿನ ಮಾತು ನಡುವೆ ಜರ್ಮನ್ ಆದದ್ದೂ ಅವರಿಗೆ ತಿಳಿದಿರಲಿಲ್ಲ. ನನಗೂ ಆ ಸಂಜೆ ಅಮ್ಮನ ದನಿ ತಲುಪಿತ್ತು, ಅಮ್ಮನ ಮಾತು ತಲುಪಿರಲಿಲ್ಲ.

ಹಾಗಾದರೆ ತಪ್ಪು ನನ್ನದಲ್ಲ, ಮಿದುಳಿನ ಮಿತಿಯದು ಎಂದು ಸುಮ್ಮನಿರಬಹುದೇ? ಕೆಲವು ದಿನ ಹಾಗೇ ಸಮಾಧಾನ ಮಾಡಿಕೊಂಡೆ. ಆದರೆ ಅಮ್ಮನೇ ಅದಕ್ಕೆ ಅಡ್ಡ ಬಂದಳು. ಅವಳು ಅಕ್ಕಿರೊಟ್ಟಿ ತಟ್ಟುತ್ತಲೇ ನನ್ನ ಹಾಸ್ಟೆಲಿನ ಕತೆಯನ್ನೆಲ್ಲ ಕೇಳುತ್ತಾಳೆ, ಒಂದಕ್ಷರ ಬಿಡುವುದಿಲ್ಲ. ಅವಳಿಗೆ ಸಾಧ್ಯವಾದದ್ದು ನನಗೇಕಿಲ್ಲ? ರೊಟ್ಟಿಯ ಕೆಲಸವನ್ನು ಅವಳ ಕೈ ಎಂದೋ ಕಲಿತು ಮುಗಿಸಿದೆ, ಮನಸ್ಸು ಬಿಡುವಾಗಿದೆ. ಅಭ್ಯಾಸ ದೂರ ಒಯ್ಯುತ್ತದೆ ಎನ್ನುವುದೂ ನಿಜ: ಸ್ಪೆಲ್ಕಿ, ಹರ್ಸ್ಟ್, ನೈಸರ್ 1976ರಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಕತೆ ಓದುತ್ತಲೇ, ಇನ್ನೊಬ್ಬರು ಹೇಳುವ ಪದಗಳನ್ನು ಬರೆದುಕೊಳ್ಳಲು ಹಲವು ವಾರ ತರಬೇತಿ ಕೊಟ್ಟು, ಅವರ ಓದಿನ ವೇಗ ಮೊದಲಿನಂತಾದುದನ್ನು ತೋರಿಸಿದ್ದರು. ಆದರೆ ಅಡಿಟಿಪ್ಪಣಿ ತಿದ್ದುವುದೂ ತಾಯಿಯ ಕಷ್ಟ ಕೇಳುವುದೂ ಕೈಗೆ ಬಿಟ್ಟುಕೊಡಬಹುದಾದ ಕೆಲಸಗಳಲ್ಲ. ಎರಡೂ ಅರ್ಥವನ್ನೇ ಬೇಡುತ್ತವೆ.

ನಮ್ಮ ಅಷ್ಟಾವಧಾನವೇ ಇದಕ್ಕೆ ಉತ್ತರವಲ್ಲವೇ ಎನ್ನಬಹುದು. ಎಂಟು ಜನ ಪೃಚ್ಛಕರು, ನಡುವೆ ಬೇಕೆಂದೇ ತಲೆ ಕೆಡಿಸುವ ಅಪ್ರಸ್ತುತ ಪ್ರಸಂಗಿ. ಆದರೆ ಗಮನಿಸಿ ನೋಡಿ: ಅವಧಾನಿ ಎಂಟೂ ಜನಕ್ಕೆ ಒಟ್ಟಿಗೆ ಉತ್ತರಿಸುವುದಿಲ್ಲ. ಪದ್ಯ ಕೇಳಿದವರಿಗೆ ಸುತ್ತಿಗೊಂದು ಸಾಲು. ಒಬ್ಬರ ಕಡೆ ತಿರುಗಿದಾಗ ಪೂರ್ತಿ ಅವರ ಕಡೆಗೇ. ಉಳಿದವರು ನೆನಪಿನಲ್ಲಿ ಕಾದಿರುತ್ತಾರೆ. ಅಲ್ಲಿರುವುದು ಹಂಚಿಹೋದ ಗಮನವಲ್ಲ, ಸರದಿಯ ಮೇಲೆ ಇಡಿಯಾಗಿ ಕೊಟ್ಟ ಗಮನ.

ನಾನು ತಪ್ಪಿದ್ದು ಅಲ್ಲಿ. ಎರಡನ್ನೂ ಒಟ್ಟಿಗೆ ಮಾಡಲಾಗದಿದ್ದುದು ತಪ್ಪಲ್ಲ, ಅದು ಎಲ್ಲರ ಮಿತಿ. ಮಾಡುತ್ತಿದ್ದೇನೆ ಎಂದು ಅಮ್ಮನನ್ನು ನಂಬಿಸಿದ್ದು ತಪ್ಪು. ‘ಹತ್ತು ನಿಮಿಷ ಬಿಟ್ಟು ನಾನೇ ಮಾಡ್ತೀನಮ್ಮ’ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಚಿಕ್ಕಂದಿನಲ್ಲಿ ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಮಕ್ಕಳು ಮಲಗಿದರೆಂದು ಅಜ್ಜಿ ಕತೆ ನಿಲ್ಲಿಸುತ್ತಿದ್ದಳು. ಕೇಳುತ್ತಿದ್ದೇನೆ ಎಂಬುದಕ್ಕೆ ಹೂಂ ಎನ್ನುವುದೇ ರುಜು. ನಿದ್ದೆ ಬಂದ ಮಗು ಆ ರುಜು ಹಾಕುತ್ತಿರಲಿಲ್ಲ. ನಾನು ಕೇಳದೆಯೇ ಹಾಕಿದೆ, ಅದನ್ನು ನಂಬಿ ಅಮ್ಮ ಒಂಬತ್ತು ವರ್ಷ ಸಾಕಿದ ಹಸುವನ್ನು ಕೊಟ್ಟಳು. ನಿಜಕ್ಕೂ ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆನೇನೋ, ಅವಳ ಮಂಡಿ ನೋಡಿದರೆ ಬೇರೆ ದಾರಿಯಿರಲಿಲ್ಲ. ಆದರೆ ಅವಳಿಗೆ ಬೇಕಿದ್ದದ್ದು ಒಪ್ಪಿಗೆ ಮಾತ್ರವಲ್ಲ, ಆ ನಿರ್ಧಾರದಲ್ಲಿ ಜೊತೆಗೊಬ್ಬರು.

ಈಗ ಅಮ್ಮ ಫೋನ್ ಮಾಡಿದರೆ ಲ್ಯಾಪ್‌ಟಾಪ್ ಮುಚ್ಚುತ್ತೇನೆ. ಅದು ಅವಳಿಗೆ ಕಾಣುವುದಿಲ್ಲ. ಮಾತು ಶುರುಮಾಡುವ ಮುನ್ನ ‘ಬಿಡುವಾಗಿದ್ದೀಯಾ?’ ಎಂದು ಕೇಳುತ್ತಾಳೆ. ಮೊದಲು ಹಾಗೆ ಕೇಳುತ್ತಿರಲಿಲ್ಲ.